ಎರೆನೆಲದಲ್ಲಿ ಪ್ಲಾಸ್ಟಿಕ್ ಗರಿಕೆ

ದಾವಣಗೆರೆ ಸುತ್ತಲಿನ ಎರೆಯ, ಅಂದರೆ ಕಪ್ಪು ಜೇಡಿಮಣ್ಣಿನ, ಹೊಲದ ರೈತ ತನ್ನ ಶತ್ರುಗಳನ್ನು ಎಣಿಸತೊಡಗಿದರೆ ಗರಿಕೆ ಮತ್ತು ಜೇಕಿನ ಹೆಸರು ಮೊದಲೇ ಬರುತ್ತದೆ. ಕಿತ್ತರೂ ನೆಲದೊಳಗೆ ಗಡ್ಡೆ ಉಳಿಸಿಕೊಂಡು ಕೆಲವೇ ದಿನಗಳಲ್ಲಿ ಮತ್ತೆ ತಲೆಯೆತ್ತುವ ಜೇಕಿನ ಕಾಟಕ್ಕೆ ಕುಂಟೆ ಹೊಡೆದು ಹೊಡೆದು ಸೋತವರು ನಮ್ಮ ಮನೆಯಲ್ಲೇ ಮೂರು ತಲೆಮಾರಿನವರಿದ್ದಾರೆ. ಇಂಥ ನೆಲದ ಮೇಲೆ ನಿಂತಿರುವ ಊರಿನಲ್ಲಿ, ನಮ್ಮ ಬಡಾವಣೆಯ ಪಾರ್ಕಿಗೆ ಹುಲ್ಲಿನ ಕೊರತೆಯಿದೆ ಎಂದು ಕಂಡುಹಿಡಿದು, ಅದನ್ನು ನೀಗಿಸಲು ಪ್ಲಾಸ್ಟಿಕ್ ಹುಲ್ಲನ್ನು ಸುರುಳಿಗಟ್ಟಲೆ ತರಿಸಿ ಹಾಸಿದ ಮಹನೀಯರಿಗೆ ಮೊದಲು ಒಂದು ನಮಸ್ಕಾರ.

ಈ ಹುಲ್ಲಿಗೂ ಒಂದು ವಂಶಾವಳಿಯಿದೆ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1965ರಲ್ಲಿ ಆಸ್ಟ್ರೋಡೋಮ್ ಎಂಬ ಚಾವಣಿಯುಳ್ಳ ಕ್ರೀಡಾಂಗಣ ಆರಂಭವಾಯಿತು. ಚಾವಣಿಯ ಪಾರದರ್ಶಕ ಹಲಗೆಗಳಿಂದ ಬೀಳುವ ಬೆಳಕು ಆಟಗಾರರ ಕಣ್ಣು ಕುಕ್ಕುತ್ತಿದ್ದುದರಿಂದ ಅವುಗಳಿಗೆ ಬಣ್ಣ ಬಳಿದರು. ಬಿಸಿಲು ಸಿಗದೆ ಕೆಳಗಿನ ಹುಲ್ಲು ಸತ್ತಿತು. 1966ರಲ್ಲಿ ಅದರ ಜಾಗಕ್ಕೆ ನೈಲಾನ್ ಹುಲ್ಲು ಬಂತು. ಅಂದರೆ ಕೃತಕ ಹುಲ್ಲಿಗೆ ಹೆಸರು ಬಂದದ್ದೇ ಬಿಸಿಲಿಲ್ಲದ ಜಾಗದಲ್ಲಿ. ನಮ್ಮ ಪಾರ್ಕಿಗೆ ಚಾವಣಿಯಿಲ್ಲ, ಬಿಸಿಲಿಗೆ ಬರವೂ ಇಲ್ಲ. (ಊರಿನಲ್ಲಿ ಗಾಜಿನ ಮನೆಯೊಂದು ಇದೆಯಾದರೂ ನಮ್ಮ ಪಾರ್ಕು ಅದರೊಳಗಿಲ್ಲವೆಂಬುದನ್ನು ಎಸ್ಟಿಮೇಟ್ ಬರೆದವರು ಗಮನಿಸಿದಂತಿಲ್ಲ.)

ಎರೆಯ ಸ್ವಭಾವ ಗೊತ್ತಿಲ್ಲದವರು ಈ ಊರಿನಲ್ಲಿ ಕಡಿಮೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಬಿರಿದ ಎರೆಯಲ್ಲಿ ಕುಡುಗೋಲು ಬಿದ್ದರೆ ಕೈಹಾಕಿ ಹುಡುಕಬೇಕಾಗುತ್ತದೆ. ಮೇಲಿನ ಪುಡಿಮಣ್ಣು ಬಿರುಕಿನೊಳಗೆ ಬಿದ್ದು, ಮಳೆಗೆ ಒಳಗಿನದು ಉಬ್ಬಿ ಮೇಲೆದ್ದು, ಎರೆ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎನ್ನುವುದುಂಟು. ವರ್ಷವಿಡೀ ಹೀಗೆ ಮಗ್ಗುಲು ಬದಲಿಸುವ ನೆಲದ ಮೇಲೆ ಚಾಪೆಯನ್ನು ಅಂಟಿಸಿ ನಿಲ್ಲಿಸುವ ಧೈರ್ಯವನ್ನು ನಮ್ಮ ಅಜ್ಜಂದಿರು ತೋರಿಸಿರಲಿಲ್ಲ.

ಇದಕ್ಕೆ ವಿಧಾನವೇ ಇಲ್ಲವೆಂದಲ್ಲ. ಮೇಲಿನ ಎರೆಯನ್ನು ಅಗೆದು ತೆಗೆದು, ಜಲ್ಲಿಯೊಡನೆ ಮಣ್ಣು ಬೆರೆಯದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಜಲ್ಲಿ, ಅದರ ಮೇಲೆ ಕ್ರಷರ್ ಪುಡಿ ಹಾಕಿ ರೋಲರ್ ಓಡಿಸಿ, ನೀರು ಹರಿದುಹೋಗಲು ಇಳಿಜಾರು ಕೊಟ್ಟು ಅಂಚಿನಲ್ಲಿ ತೂತಿನ ಪೈಪು ಹೂತರೆ ಈ ಹುಲ್ಲು ಎರೆಯ ಮೇಲೂ ಸುಮಾರಾಗಿ ಬಾಳುತ್ತದೆ. ನಮ್ಮಲ್ಲಿ ಎರಡು ಕೋಣೆಯ ಮನೆ ಕಟ್ಟುವ ಮೇಸ್ತ್ರಿಯೂ ಪಾಯದಲ್ಲಿ ಎರೆ ತೆಗೆಸಿ ಗರಸು ತುಂಬಿಸದೆ ಕಲ್ಲು ಮುಟ್ಟುವುದಿಲ್ಲ. ಪಾರ್ಕಿನಲ್ಲಿ ಮಾತ್ರ ಎರೆಯ ಮೇಲೆ ಎರಡು ಬುಟ್ಟಿ ಮರಳು ಚೆಲ್ಲಿ, ಅದರ ಮೇಲೆ ಹುಲ್ಲು ಬಿಡಿಸಿ, ಅಂಚಿಗೆ ಮೊಳೆ ಹೊಡೆದು, ಟೇಪು ಕತ್ತರಿಸಿ ಉದ್ಘಾಟನೆ ಮುಗಿಸಿದರು. "ಹುಲ್ಲು ತುಳಿಯಬಾರದು" ಎಂಬ ಹಳೆಯ ಫಲಕವನ್ನು ಕೀಳಿಸಿರಲಿಲ್ಲ. ಅದಕ್ಕೆ ಹೊಸ ಬಣ್ಣ ಬಳಿಸಿದ್ದರು.

ಆಮೇಲೆ ನಿರ್ವಹಣೆ ಆರಂಭವಾಯಿತು. ಈ ಹುಲ್ಲಿಗೆ ನೀರು ಬೇಡವೆಂಬುದೇ ಇದನ್ನು ತರಿಸಲು ಕೊಟ್ಟ ಮುಖ್ಯ ಕಾರಣವಾಗಿತ್ತು. ಆದರೆ ಕಡುಬೇಸಿಗೆಯ ಮಧ್ಯಾಹ್ನ ಕೃತಕ ಹುಲ್ಲಿನ ಮೈ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಬರಿಗಾಲಲ್ಲಿ ಓಡಿದ ಮಕ್ಕಳು ಕುಣಿಯುತ್ತ ಹೊರಬಂದರು. ಆದ್ದರಿಂದ ಅದನ್ನು ತಣಿಸಲು ಟ್ಯಾಂಕರ್ ನೀರು ಬರತೊಡಗಿತು. ಭದ್ರಾ ನಾಲೆಯ ಕೊನೆಯ ಹಳ್ಳಿಗಳಲ್ಲಿ ನೀರು ಯಾವತ್ತು ಬಂದೀತೆಂದು ಭತ್ತದ ರೈತರು ಕಾದು ಕೂತಿರುವ ಜಿಲ್ಲೆಯಲ್ಲಿ, ಬೆಳೆಯುವ ಹಂಗಿಲ್ಲದ ಹುಲ್ಲೊಂದು ಹೊತ್ತಿಗೆ ಸರಿಯಾಗಿ ಸ್ನಾನ ಮಾಡುತ್ತಿದೆ.

ಎಳೆಗಳು ಮಲಗಿದರೆ ಅವುಗಳನ್ನು ಗಟ್ಟಿ ಪೊರಕೆಯಿಂದ ಎದುರು ದಿಕ್ಕಿಗೆ ಗುಡಿಸಿ ಎಬ್ಬಿಸಬೇಕು, ಬುಡದಲ್ಲಿ ತುಂಬಿದ ಮರಳು ಕಡಿಮೆಯಾದರೆ ಮತ್ತೆ ತುಂಬಬೇಕು. ಒಂದು ಬೆಳಗ್ಗೆ ಪೊರಕೆ ಹಿಡಿದು ಬಗ್ಗಿದ್ದ ಹೆಂಗಸನ್ನು "ಕಸ ಏನೂ ಇಲ್ಲವಲ್ಲ ಅಕ್ಕ, ಏನು ಗುಡಿಸ್ತಿದ್ದೀರಿ?" ಎಂದು ಕೇಳಿದೆ. "ಕಸ ಅಲ್ರೀ ಸರ, ಇದಕ್ಕ ತಲಿ ಬಾಚಾಕ ಹೇಳ್ಯಾರ. ಮನ್ಯಾಗ ಮಗಳ ಜಡಿ ಹಾಕಾಕ ಟೈಮಿಲ್ಲ ನನಗ" ಎಂದು ಸೊಂಟ ನೆಟ್ಟಗೆ ಮಾಡಿಕೊಂಡರು.

ಏಪ್ರಿಲ್‌ನಲ್ಲಿ ಕೆಳಗಿನ ಎರೆ ಬಿರಿಯಿತು, ಮೇಲಿನ ಬೆಸುಗೆಗಳೂ ಬಿರಿದವು. ಪಟ್ಟಿ ಹಚ್ಚಿ ಅಂಟು ಬಳಿದರು. ಜೂನ್‌ನಲ್ಲಿ ಮಳೆ ಬಿದ್ದಾಗ ಎರೆ ಒಂದಿಷ್ಟು ನೀರು ಕುಡಿದು ಉಬ್ಬಿ ಬಿರುಕುಗಳನ್ನೆಲ್ಲ ಮುಚ್ಚಿಕೊಂಡಿತು. ಇಳಿಯಲು ದಾರಿಯಿಲ್ಲದ ಉಳಿದ ನೀರು ಹುಲ್ಲಿನಡಿ ಸೇರಿ, ಕೆಂಡದ ಮೇಲಿನ ರೊಟ್ಟಿಯಂತೆ ಹಾಸು ಅಲ್ಲಲ್ಲಿ ಉಬ್ಬಿತು. ಕಾಲಿಟ್ಟರೆ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏಳುತ್ತಿತ್ತು. ಮಕ್ಕಳಂತೂ ಇಷ್ಟು ಒಳ್ಳೆಯ ಆಟಿಕೆಯನ್ನು ಸರ್ಕಾರ ಎಂದೂ ಕೊಟ್ಟಿರಲಿಲ್ಲ ಎಂಬಂತೆ ಕುಣಿದರು. ದುರಸ್ತಿಗೆ ಬಂದವರು ಉಬ್ಬಿದಲ್ಲಿ ಬ್ಲೇಡಿನಿಂದ ಸೀಳಿ ನೀರು ಬಿಟ್ಟರು, ಸೀಳಿದ್ದಕ್ಕೆ ಪಟ್ಟಿ ಹಚ್ಚಿದರು, ಎರಡಕ್ಕೂ ಬಿಲ್ ಬರೆದರು. ಅಡಿಯ ಮಣ್ಣನ್ನು ತೆಗೆಯಬಾರದೇ ಎಂದು ಕೇಳಿದ್ದಕ್ಕೆ, ನಮ್ಮದು ಹುಲ್ಲಿನ ಟೆಂಡರ್, ಮಣ್ಣಿನದು ಬೇರೆ ವಿಭಾಗ ಎಂಬ ಉತ್ತರ ಬಂತು.

ಆ ಸೀಳುಗಳಲ್ಲಿ ಮೊದಲು ತಲೆಹಾಕಿದ್ದು ಜೇಕು. ಸೀಳು ಇಲ್ಲದ ಕಡೆಯೂ ಅದು ಸೂಜಿಯಂಥ ಮೊಳಕೆಯಿಂದ ಹಾಳೆಯನ್ನೇ ಚುಚ್ಚಿಕೊಂಡು ಬಂತು. ಹಿಂದೆಯೇ ಬೆಸುಗೆಯ ಗುಂಟ ಗರಿಕೆ ಹರಿಯಿತು. ಹೊಸ ನಿರ್ವಹಣಾ ಪಟ್ಟಿಯಲ್ಲಿ "ಹುಲ್ಲಿನಲ್ಲಿ ಬೆಳೆದ ಹುಲ್ಲನ್ನು ತೆಗೆಯುವುದು" ಎಂಬ ಸಾಲು ಸೇರಿತು.

ಗಣೇಶ ಚೌತಿಯ ಬೆಳಗ್ಗೆ ಪೂಜೆಗೆ ಇಪ್ಪತ್ತೊಂದು ಗರಿಕೆ ಬೇಕೆಂದು ಮನೆಯಲ್ಲಿ ಹೇಳಿದ್ದರಿಂದ ನಾನು ಪಾರ್ಕಿಗೆ ಹೋಗಿ, ಬೆಸುಗೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೀಳತೊಡಗಿದೆ. ಕಾವಲುಗಾರ ಸೀಟಿ ಊದುತ್ತ ಓಡಿ ಬಂದ. ನನ್ನ ಅಂಗೈಯಲ್ಲಿದ್ದುದನ್ನು ಬೆರಳಿನಿಂದ ಹೊರಳಿಸಿ ನೋಡಿ ಸೀಟಿಯನ್ನು ಜೇಬಿಗಿಳಿಸಿದ.

"ಓ, ಇದಾ? ಇದು ನಮ್ಮ ಎಸ್ಟಿಮೇಟಿನಾಗ ಇಲ್ರಿ. ಎಷ್ಟು ಬೇಕಾದ್ರೂ ಕಿತ್ಕೊಂಡ್ ಹೋಗ್ರಿ."