ಸುಮ್ನೆ ಇರಲಾರದೆ

ನಮ್ಮ ಮನೆಯ ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನನ್ನ ಹೆಂಡತಿಯೂ ಓದುತ್ತಾಳೆ.

2017ರಲ್ಲಿ ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಬಿಸಿಲಲ್ಲಿ ಅಲೆದು, ಒಂದೊಂದೇ ಸಾಮಾನು ಆರಿಸಿ ಕಟ್ಟಿಸಿದ್ದು. ಬಿ350 ಮದರ್‌ಬೋರ್ಡ್, ಅದರ ಮೇಲೆ ಆರು ಕೋರಿನ ರೈಜನ್ 5 1600 ಪ್ರೊಸೆಸರ್. ಅದರಲ್ಲಿ ನಾನು ಮಾಡುತ್ತಿದ್ದುದು ಎರಡೇ ಕೆಲಸ. ಒಂದು, ಮನೆ ಖರ್ಚಿನ ಎಕ್ಸೆಲ್. ಇನ್ನೊಂದು, ಮಗನ ಸ್ಕೂಲ್ ಡೇ ಡ್ಯಾನ್ಸಿನ ವಿಡಿಯೊ ಕತ್ತರಿಸಿ ಜೋಡಿಸುವುದು. ವಿಡಿಯೊ ಮುಗಿಯಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಬೇಕಿತ್ತು. ಕಾಫಿ ಕುಡಿಯುತ್ತಾ ಯೋಚನೆ ಮಾಡಿದ್ದೇ ತಪ್ಪಾಯಿತು.

ಈ ಬೋರ್ಡಿನ ಎಎಂ4 ಸಾಕೆಟ್ಟು, ಅಂದರೆ ಪ್ರೊಸೆಸರ್ ಕೂರುವ ಜಾಗ, ಒಂಥರಾ ಅಜ್ಜಿಮನೆ ಒರಳುಕಲ್ಲು. ಕಲ್ಲು ಅದೇ, ಗುಂಡು ಬದಲಾಯಿಸಿಕೊಳ್ಳಬಹುದು. ನಮ್ಮಂಥ ಹಳೇ ಬೋರ್ಡುಗಳಿಗೆ ಹೊಸ ಪ್ರೊಸೆಸರ್ ಆಗಲ್ಲ ಅಂತಿದ್ದ ರೈಜನ್ ಕಂಪನಿ ಎಎಂಡಿ, 2022ರಲ್ಲಿ ಆಗಬಹುದು ಅಂದಿತು. ಅದೇ ವರ್ಷ ರೈಜನ್ 7 5700ಎಕ್ಸ್ ಬಂತು. ಎಂಟು ಕೋರ್, 4.6 ಗಿಗಾಹರ್ಟ್ಸ್‌ವರೆಗೆ ಓಟ. ಹಾಗಿದ್ದೂ ಡಬ್ಬಿಯ ಮೇಲಿನ ಲೆಕ್ಕ ಹಳೆಯದರಷ್ಟೇ, 65 ವಾಟ್. ಜಾಸ್ತಿ ದುಡಿಯುತ್ತೆ, ಜಾಸ್ತಿ ತಿನ್ನಲ್ಲ. ಇಂಥ ಸಂಬಂಧ ಯಾರು ಬಿಡುತ್ತಾರೆ?

ಎಸ್‌.ಪಿ. ರೋಡಿನ ಅಂಗಡಿ ಹುಡುಗ ಡಬ್ಬಿ ಕೊಡುವ ಮೊದಲು ಕೇಳಿದ. “ಬಯಾಸ್ ಅಪ್‌ಡೇಟ್ ಮಾಡಿದ್ದೀರಾ ಸಾರ್? ಹಳೇ ಪ್ರೊಸೆಸರ್ ಇದ್ದಾಗಲೇ ಮಾಡ್ಕೋಬೇಕು. ಇದನ್ನ ಹಾಕಿದ್ಮೇಲೆ ಸ್ಕ್ರೀನೇ ಬರಲ್ಲ.”

“ಅಷ್ಟು ಗೊತ್ತಿಲ್ವೇನಪ್ಪಾ” ಅಂದೆ. ಗೊತ್ತಿರಲಿಲ್ಲ.

ಬಯಾಸ್ ಅಂದರೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಲ್ಲರಿಗಿಂತ ಮೊದಲು ಏಳುವ ಪ್ರೋಗ್ರಾಮು. ಅದು ಇರುವುದು ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ. ನಮ್ಮ ಬೋರ್ಡಿನದು 16 ಎಂಬಿ. ಯಾವ್ಯಾವ ಪ್ರೊಸೆಸರ್ ಬಂದರೆ ಬಾಗಿಲು ತೆಗೆಯಬೇಕು ಅನ್ನುವ ಪಟ್ಟಿಯೂ ಅದರೊಳಗೇ. ಜಾಗ ಕಮ್ಮಿ, ನೆಂಟರು ಜಾಸ್ತಿ. ಹಾಗಾಗಿ ಹೊಸಬರನ್ನು ಸೇರಿಸುವಾಗ ಕೆಲವು ಹಳಬರ ಹೆಸರು ತೆಗೆದುಹಾಕುತ್ತಾರೆ. ಮದುವೆ ಕಾಗದ ಹಂಚುವಾಗ ನಾವು ಮಾಡುವುದೂ ಇದನ್ನೇ ಅಲ್ವಾ.

ಹೊಸ ಬಯಾಸ್ ಬರೆಯಲು ನಾಲ್ಕೈದು ನಿಮಿಷ ಸಾಕು. ಆದರೆ ಆ ನಾಲ್ಕೈದು ನಿಮಿಷ ಕರೆಂಟ್ ಹೋಗಬಾರದು. ಹೋದರೆ ಬೋರ್ಡು ಇಟ್ಟಿಗೆ. ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದಾಗ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆ. ಶೇಕಡಾ 12 ಆಗುವ ಹೊತ್ತಿಗೆ ಮೋಡ ಕವಿಯಿತು. 30ಕ್ಕೆ ಗುಡುಗು. ನಮ್ಮ ಬೀದಿಯ ಕರೆಂಟಿಗೆ ಗುಡುಗು ಬೇಕಿಲ್ಲ, ಯಾರಾದರೂ ಜೋರಾಗಿ ಸೀನಿದರೂ ಹೋಗುತ್ತೆ. ಮನೆಯಲ್ಲಿ ಯುಪಿಎಸ್ ಇದೆ, ಅದರ ಬ್ಯಾಟರಿ ಮಾತ್ರ ‘ಯು’ ಅನ್ನುವಷ್ಟರಲ್ಲಿ ಮುಗಿಯುತ್ತೆ. 64ರಲ್ಲಿ ಅಡುಗೆಮನೆಯಿಂದ ಮಿಕ್ಸಿ ಶಬ್ದ ಬಂತು. ನಾನು “ಅಯ್ಯೋ, ಆಫ್ ಮಾಡೇ!” ಅಂತ ಕೂಗಿದ ರೀತಿಗೆ ಪಕ್ಕದ ಮನೆಯವರೂ ಅವರ ಮಿಕ್ಸಿ ಆಫ್ ಮಾಡಿದರು. 100 ಆಯಿತು. ಎರಡು ನಿಮಿಷ ಬಿಟ್ಟು ಕರೆಂಟ್ ಹೋಯಿತು.

ಇಲ್ಲಿಗೆ ನನ್ನ ಪಾಲಿನ ಅದೃಷ್ಟವೂ ಖರ್ಚಾಯಿತು.

ಮಾರನೇ ದಿನ ಹಳೇ ಪ್ರೊಸೆಸರ್ ತೆಗೆಯಬೇಕಿತ್ತು. ಮೇಲಿನ ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದೆ. ಬರಲಿಲ್ಲ. ಫ್ಯಾನಿನ ತಳಕ್ಕೂ ಪ್ರೊಸೆಸರಿಗೂ ನಡುವೆ ಶಾಖ ದಾಟಿಸಲು ಬೂದು ಬಣ್ಣದ ಪೇಸ್ಟ್ ಹಚ್ಚಿರುತ್ತಾರೆ. ನಮ್ಮದರಲ್ಲಿ ಅದು ಇಷ್ಟು ವರ್ಷ ಕಾದೂ ಕಾದೂ ಚಿಕ್ಕಿಯ ಪಾಕದ ಹಾಗೆ ಕಟ್ಟಿಹೋಗಿತ್ತು. ಇನ್ನೂ ಸ್ವಲ್ಪ ಬಲ ಹಾಕಿದೆ. ‘ಟಪ್’ ಅಂತು. ಫ್ಯಾನ್ ಕೈಗೆ ಬಂತು, ಅದರ ಹೊಟ್ಟೆಗೆ ಕಚ್ಚಿಕೊಂಡು ಪ್ರೊಸೆಸರೂ ಬಂತು. ಕೆಳಗೆ ನೋಡಿದರೆ ಸಾಕೆಟ್ಟಿನ ಲಾಕು ಹಾಕಿದ್ದು ಹಾಕಿದ ಹಾಗೇ ಇದೆ, ಕಳ್ಳ ಮಾತ್ರ ಇಲ್ಲ. ಮೊದಲು ಅರ್ಧ ಗಂಟೆ ಏನಾದರೂ ಭಾರದ ಕೆಲಸ ಕೊಟ್ಟು ಬಿಸಿ ಮಾಡಬೇಕಂತೆ. ಆಮೇಲೆ ಡಬ್ಬಿಯ ಮುಚ್ಚಳದ ಥರ ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿ ಬಿಡಿಸಬೇಕಂತೆ. ಇದನ್ನೆಲ್ಲ ಓದಿದ್ದು ಆಮೇಲೆ.

ಎಎಂ4 ಪ್ರೊಸೆಸರಿನ ಅಡಿಗೆ 1331 ಪಿನ್ನು ಇರುತ್ತವೆ. ಶ್ಯಾವಿಗೆಗಿಂತ ಸಣ್ಣವು. ಒಂದು ಮೂಲೆಯ ಮೂರು ಪಿನ್ನು ಮಲಗಿದ್ದವು. ಹಳೇದು ತಾನೇ ಅಂತ ಬಿಡುವಂತಿರಲಿಲ್ಲ, ಅದನ್ನು ಭಾವಮೈದನಿಗೆ ಕೊಡುತ್ತೇನೆ ಅಂತ ಹೆಂಡತಿಯ ಎದುರಿಗೇ ಹೇಳಿಬಿಟ್ಟಿದ್ದೆ. ಮಗನ ಪೆನ್ ಪೆನ್ಸಿಲ್ಲಿನ ಸೀಸ ತೆಗೆದು, ಅದರ ತೂತಿಗೆ ಒಂದೊಂದೇ ಪಿನ್ನು ತೂರಿಸಿ, ಉಸಿರು ಹಿಡಿದು ನೆಟ್ಟಗೆ ಮಾಡಿದೆ. ಮಗ ಮೊಬೈಲ್ ಟಾರ್ಚ್ ಹಿಡಿದಿದ್ದ. “ಅಪ್ಪ, ನಿನ್ನ ಕೈ ನಡುಗ್ತಿದೆ” ಅಂದ. “ಟಾರ್ಚ್ ಅಲ್ಲಾಡಿಸ್ತಿರೋದು ನೀನು” ಅಂದೆ.

ಹೊಸದು ಕೂತಿತು. ಕಪ್ಪು ಸ್ಕ್ರೀನಿನ ಮೇಲೆ, ಹೊಸ ಪ್ರೊಸೆಸರ್ ಬಂದಿದೆ, ಹಳೇ ರಹಸ್ಯ ಕೀಲಿಗಳನ್ನು ಅಳಿಸಲೋ ಬೇಡವೋ ಎಂಬ ಪ್ರಶ್ನೆ ಬಂತು. ವೈ ಒತ್ತಿದೆ. ವಿಂಡೋಸ್ ಬಂತು. ಸ್ಕೂಲ್ ಡೇ ವಿಡಿಯೊ ಎಷ್ಟು ಬೇಗ ಮುಗಿಯಿತು ಅಂದರೆ ಕಾಫಿ ಇನ್ನೂ ಲೋಟಕ್ಕೇ ಬಂದಿರಲಿಲ್ಲ. ಅವತ್ತು ಸಂಜೆ ನಾನು ಮನೆಯಲ್ಲಿ ನಡೆದಾಡಿದ ರೀತಿಯೇ ಬೇರೆ ಇತ್ತಂತೆ.

ರಾತ್ರಿ ಊಟ ಮಾಡಿ ಬಂದು ನೋಡಿದರೆ ಕಂಪ್ಯೂಟರ್ ತಾನೇ ಆಫ್ ಆಗಿ ಆನ್ ಆಗುತ್ತಿದೆ.

ಬಿಸಿ ಜಾಸ್ತಿ ಆಯಿತೇನೋ ಅಂತ ಪ್ರೈಮ್95 ಹಾಕಿದೆ. ಅದು ಪ್ರೊಸೆಸರಿಗೆ ಉಸಿರಾಡಲೂ ಬಿಡದೆ ಗಣಿತ ಮಾಡಿಸುವ ಪ್ರೋಗ್ರಾಮು. ಬೆಳಗಿನವರೆಗೂ ಓಡಿತು, ಕೆಮ್ಮಲೂ ಇಲ್ಲ. ಭೇಷ್ ಅಂದು ನಿಲ್ಲಿಸಿದೆ. ಹಲ್ಲುಜ್ಜಿ ಬರುವಷ್ಟರಲ್ಲಿ ಮತ್ತೆ ಬಿದ್ದಿತ್ತು. ರ‍್ಯಾಮ್ ಇರಬೇಕು ಅಂತ ಮೆಮ್‌ಟೆಸ್ಟ್ ಮಾಡಿದೆ, ಒಂದೂ ತಪ್ಪಿಲ್ಲ. ರ‍್ಯಾಮಿನ ವೇಗ 3200ರಿಂದ 2933ಕ್ಕೆ ಇಳಿಸಿದೆ. ಬಿತ್ತು. ವಿಡಿಯೊ ಹಾಕಿಟ್ಟರೆ ಬೀಳಲ್ಲ, ಎಕ್ಸೆಲ್ ತೆರೆದು ನಾನು ಯೋಚಿಸುತ್ತಾ ಕೂತರೆ ಬೀಳುತ್ತೆ. ದುಡಿಸಿದರೆ ಕಲ್ಲುಗುಂಡು, ಬಿಟ್ಟರೆ ಮೂರ್ಛೆ.

ನಾಲ್ಕನೇ ದಿನ ಅಪ್ಪ ಪೇಪರ್ ಮಡಿಸಿಟ್ಟು ಬಂದು ಕೂತರು. ಮೂವತ್ತೆಂಟು ವರ್ಷದ ಸರ್ವಿಸಿನಲ್ಲಿ ಒಂದು ದಿನ ತಲೆನೋವು ಅನ್ನದ ಮನುಷ್ಯ. ರಿಟೈರ್ ಆದ ಮೂರನೇ ವಾರಕ್ಕೆ ಬಿಪಿ, ತಲೆಸುತ್ತು, ಎಲ್ಲ ಒಟ್ಟಿಗೆ ಬಂದವು. ಅಪಾರ್ಟ್‌ಮೆಂಟಿನ ಸಂಪು, ಮೋಟರ್ ನೋಡಿಕೊಳ್ಳುವ ಕೆಲಸ ವಹಿಸಿದ ಮೇಲೆ ಸರಿಹೋದರು. ನನ್ನ ಗೋಳನ್ನು ಪೂರ್ತಿ ಕೇಳಿ ಅಂದರು:

“ಅದಕ್ಕೆ ಪೂರ್ತಿ ರಜ ಕೊಡಬೇಡ ಕಣೋ. ಏನಾದ್ರೂ ಸಣ್ಣ ಕೆಲಸ ಹಚ್ಚಿಡು.”

ನಾನು ನಕ್ಕೆ. ಅವತ್ತು ರಾತ್ರಿಯೇ ನಗು ನಿಂತಿತು. ಈ ರೈಜನ್‌ಗಳು ಕೆಲಸವಿಲ್ಲದಾಗ ಎಷ್ಟು ಗಾಢ ನಿದ್ದೆಗೆ ಜಾರುತ್ತವೆ ಎಂದರೆ, ಎಳೆಯುವ ಕರೆಂಟು ತೀರಾ ಕಮ್ಮಿಯಾಗುತ್ತೆ. ಕಂಪ್ಯೂಟರಿನೊಳಗೆ ಎಲ್ಲಕ್ಕೂ ಕರೆಂಟ್ ಹಂಚುವ ಡಬ್ಬಿಗೆ ಪವರ್ ಸಪ್ಲೈ ಅನ್ನುತ್ತಾರೆ. ಕೆಲವು ಹಳೇ ಪವರ್ ಸಪ್ಲೈಗಳಿಗೆ ಅಷ್ಟು ಕಮ್ಮಿ ಕೊಟ್ಟು ಅಭ್ಯಾಸವೇ ಇಲ್ಲ, ತಡಬಡಾಯಿಸುತ್ತವೆ. ನಮ್ಮ ಕಂಪ್ಯೂಟರಿನ ಪವರ್ ಸಪ್ಲೈ ಆ ಬೋರ್ಡಿಗಿಂತಲೂ ಹಿರಿಯದು. ಇದಕ್ಕೆಂದೇ ಬಯಾಸಿನಲ್ಲಿ, ಮೆನುವಿನೊಳಗಿನ ಮೆನುವಿನೊಳಗೆ, ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅಂತ ಒಂದು ಸಾಲಿದೆ. ಅದನ್ನು ‘ಟಿಪಿಕಲ್ ಕರೆಂಟ್ ಐಡಲ್’ ಅಂತ ಬದಲಾಯಿಸಿದರೆ ಪ್ರೊಸೆಸರ್ ಪೂರ್ತಿ ಮಲಗಲ್ಲ, ಒಂದು ಕಣ್ಣು ಬಿಟ್ಟುಕೊಂಡು ಸ್ವಲ್ಪ ಕರೆಂಟ್ ಎಳೆಯುತ್ತಾ ಇರುತ್ತೆ. ಅಂದರೆ ಸಂಪಿನ ಕೆಲಸ.

ಬದಲಾಯಿಸಿ, ಸೇವ್ ಮಾಡಿ, ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತೆ. ಮೌಸ್ ಮುಟ್ಟಲಿಲ್ಲ. ಹತ್ತು ನಿಮಿಷ ಆಯಿತು, ಅರ್ಧ ಗಂಟೆ ಆಯಿತು. ಒಂದು ಗಂಟೆಗೆ ಹೆಂಡತಿ ನೀರು ಕುಡಿಯಲು ಎದ್ದು ಬಂದಳು.

“ರೀ, ಈ ಹೊತ್ನಲ್ಲಿ ಏನ್ ಮಾಡ್ತಿದ್ದೀರಾ?”

“ಅದು ಸುಮ್ನೆ ಇರೋದನ್ನ ನೋಡ್ತಿದ್ದೀನಿ.”

ಅವಳು ನೀರು ಕುಡಿದು, ಲೋಟ ತೊಳೆದಿಟ್ಟು, ಲೈಟ್ ಆರಿಸಿದಳು. “ನೀವೂ ಸುಮ್ನೆ ಇದ್ದಿದ್ರೆ ಹೋದ ವಾರವೇ ನೋಡಬಹುದಿತ್ತು.”