ನಾನು ಹಿಡಿದ ಬಂಡೆ

ಹೊಳೆಯಲ್ಲಿ ನಾನು ಇದುವರೆಗೆ ಹಿಡಿದಿರುವುದರಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಬಂಡೆ. ಅದೂ ಒಂದು ಸಲ ಅಲ್ಲ, ಅದೇ ಬಂಡೆಯನ್ನು ಏಳು ಸಲ ಹಿಡಿದಿದ್ದೇನೆ. ಒಮ್ಮೆಯೂ ದಡಕ್ಕೆ ಬಂದಿಲ್ಲ.

ತಪ್ಪು ನನ್ನದಲ್ಲ, ಮೀನಿನದು. ಇಷ್ಟಗಲ ಹೊಳೆ ಬಿಟ್ಟು, ಮುಳುಗಿದ ಬಂಡೆಯ ಪಕ್ಕದಲ್ಲೇ ಹೋಗಿ ನಿಲ್ಲುತ್ತದೆ. ಅದಕ್ಕೆ ಕಾರಣವೂ ಇದೆ ಅನ್ನಿ. ಸೆಳವು ಬಂಡೆಗೆ ಬಡಿದು ಎರಡು ಕಡೆ ಸೀಳಿಕೊಂಡು ಓಡುತ್ತದೆ. ಬಂಡೆಯ ಹಿಂದೆ ಮಾತ್ರ ನೀರು ಸುಸ್ತಾದವರ ಹಾಗೆ ಸುಮ್ನೆ ಸುತ್ತುತ್ತಿರುತ್ತದೆ. ನೀರು ಬಡಿಯುವ ಮುಂಭಾಗದಲ್ಲೂ ಒಂದು ದಿಂಬಿನಷ್ಟು ನಿಧಾನದ ಜಾಗ ಇರುತ್ತದೆ. ಮೀನು ಮೂತಿಯನ್ನು ಸೆಳವಿಗೆ ಕೊಟ್ಟು, ಜಾಸ್ತಿ ಈಜದೆ ಅಲ್ಲಿ ನಿಂತಿರುತ್ತದೆ. ಪಕ್ಕದ ಓಡುವ ನೀರಿನಲ್ಲಿ ಹುಳ ತೇಲಿ ಬಂತೋ, ಚಕ್ಕನೆ ಹೋಗಿ ಬಾಯಿ ಹಾಕಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಮನೆಬಾಗಿಲಿಗೇ ಊಟ ಬರುವಾಗ ಯಾರು ತಾನೇ ಅಲೆಯುತ್ತಾರೆ?

ಹಾಗಾಗಿ ಓಡುವ ನೀರೂ ನಿಂತ ನೀರೂ ಕೂಡುವ ಗೆರೆಯ ಮೇಲೆ ಎರೆ ತೇಲಿ ಹೋಗಬೇಕು. ದಡದಿಂದ ನೋಡಿದರೆ ಅದು ನೊರೆಯ ಸಾಲಿನ ಹಾಗೆ ಕಾಣುತ್ತದೆ. ನನಗೆ ಗಾಳ ಹಿಡಿಯಲು ಕಲಿಸಿದ ಗೆಳೆಯನ ಪಾಠ ಒಂದೇ ಸಾಲಿನದು. 'ಗೆರೆ ಬಿಡಬೇಡ, ಬಂಡೆ ಮುಟ್ಟಬೇಡ.' ನಾನು ಗೆರೆ ಬಿಟ್ಟೆ, ಬಂಡೆ ಮುಟ್ಟಿದೆ.

ಮೊದಲ ಕೆಲವು ದಿನ ಬಂಡೆಯೂ ಸಿಗಲಿಲ್ಲ. ನೀರು ಕುದಿಯುವ ಹಾಗೆ ಉಬ್ಬುವ ಜಾಗದ ಅಡಿಯಲ್ಲೇ ಬಂಡೆ ಇದೆ ಅಂದುಕೊಂಡು ಅಲ್ಲಿಗೇ ಎಸೆಯುತ್ತಿದ್ದೆ. ಬಂಡೆ ಹತ್ತಿ ಇಳಿದ ನೀರು ಸ್ವಲ್ಪ ಮುಂದೆ ಹೋಗಿ ಮೇಲೆ ಉಬ್ಬುತ್ತದಂತೆ. ಅಂದರೆ ಬಂಡೆ ಇರೋದು ಉಬ್ಬಿನಿಂದ ಮೇಲ್ಗಡೆ, ನೀರು ಬರುವ ದಿಕ್ಕಿಗೆ. ಸೆಳವು ಜೋರಾದಷ್ಟೂ, ನೀರು ಆಳವಾದಷ್ಟೂ ಇನ್ನೂ ಮೇಲ್ಗಡೆ. ಇದು ಗೊತ್ತಾದ ದಿನವೇ ನನ್ನ ಗಾಳ ಬಂಡೆಗೆ ಬಿತ್ತು.

ಬಿದ್ದಿದ್ದು ಬಂಡೆಗೆ ಅಂತ ಆಗ ಗೊತ್ತಾಗಲಿಲ್ಲ ನೋಡಿ. ಬೆಂಡು ಗುಳುಕ್ಕೆಂದು ಮುಳುಗಿತು. ಕೋಲು ಎತ್ತಿದೆ, ಬಿಲ್ಲಿನ ಹಾಗೆ ಬಾಗಿತು. 'ಬಿತ್ತು!' ಎಂದು ಕೂಗಿದೆ. ಗೆಳೆಯ ಕೈಬಲೆ ಹಿಡಿದು ಓಡಿಬಂದ. ಎಳೆದರೆ ಒಂದು ಮೊಳ ಬರುತ್ತಿತ್ತು, ಸಡಿಲ ಬಿಟ್ಟರೆ ಒಂದು ಮೊಳ ವಾಪಸ್ ಹೋಗುತ್ತಿತ್ತು. ದಾರ ಝುಮ್ಮೆಂದು ನಡುಗುತ್ತಿತ್ತು. ಹೀಗೆ ಹತ್ತು ನಿಮಿಷ ಕಾದಾಡಿದೆ.

'ಹೆಂಗಿದೆ?' ಎಂದು ಕೇಳಿದ.

'ಸುಸ್ತೇ ಆಗ್ತಿಲ್ಲ ಕಣೋ. ತುಂಬಾ ಹಳೇ ಮೀನಿರಬೇಕು.'

ಅವನು ದಾರವನ್ನು ಎರಡು ಬೆರಳಲ್ಲಿ ಮುಟ್ಟಿ ನೋಡಿದ. 'ಹಳೇದು ಅನ್ನೋದು ನಿಜ,' ಅಂದು ಬಲೆ ಮಡಚಿಕೊಂಡು ಹೋದ.

ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಬಿಗಿಯಾದ ದಾರ ಸೆಳವಿಗೆ ಸಿಕ್ಕರೆ ತಾನಾಗಿಯೇ ನಡುಗುತ್ತದೆ. ಮೀನಾಗಿದ್ದರೆ ತಲೆ ಒದರುತ್ತದೆ, ಪಕ್ಕಕ್ಕೆ ಎಳೆಯುತ್ತದೆ. ನನ್ನದು ಹತ್ತು ನಿಮಿಷದಲ್ಲಿ ಒಂದು ಅಂಗುಲ ಪಕ್ಕಕ್ಕೆ ಸರಿದಿರಲಿಲ್ಲ. ಅದನ್ನು ನಾನು ಅದರ ಛಲ ಅಂದುಕೊಂಡಿದ್ದೆ.

ಸಿಕ್ಕಿಕೊಂಡ ಗಾಳ ಬಿಡಿಸಲು ಒಳ್ಳೆಯ ಉಪಾಯಗಳಿವೆ. ಮೊದಲನೆಯದು, ಎಳೆಯದೇ ಇರೋದು. ಎಳೆದಷ್ಟೂ ಗಾಳ ಸಂದಿಯೊಳಗೆ ಇಳಿದು ಉಡದ ಪಟ್ಟು ಹಾಕುತ್ತದೆ. ಬಿಗಿ ದಾರವನ್ನು ಬಿಲ್ಲಿನ ಹೆದೆಯ ಹಾಗೆ ಮೀಟಿ ಬಿಡಬೇಕು. ಬಗ್ಗದಿದ್ದರೆ ಬಂಡೆಯ ಆಚೆ ಕಡೆಗೆ ನಡೆದು, ಹೊಕ್ಕ ದಿಕ್ಕಿನಿಂದಲೇ ವಾಪಸ್ ಎಳೆಯಬೇಕು. ಅದೂ ಆಗದಿದ್ದರೆ ದಾರವನ್ನು ಒಂದು ಕಡ್ಡಿಗೆ ಸುತ್ತಿ, ಮುಖ ತಿರುಗಿಸಿಕೊಂಡು ನೇರವಾಗಿ ಎಳೆದು ತುಂಡು ಮಾಡಬೇಕು. ಮುಖ ತಿರುಗಿಸುವುದು ಯಾಕೆ ಅಂತ ನಾನು ಕೇಳಲೇ ಇಲ್ಲ. ಸೀಸದ ಗುಂಡು ಸುಂಯ್ ಎಂದು ಹಾರಿ ಬಂದು ನನ್ನ ಟೋಪಿಯನ್ನು ಹೊಳೆಗೆ ಹಾಕಿದಾಗ ಉತ್ತರ ಸಿಕ್ಕಿತು.

ಟೋಪಿ ಹೋಗಿ ಸೆಳವು ಸೇರುವ ಮೊದಲು ಹಿಡಿಯಬೇಕಲ್ಲ. ಮೊಣಕಾಲು ಮುಳುಗುವಷ್ಟು ನೀರು, ತಳದ ಕಲ್ಲುಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಧೈರ್ಯವಾಗಿ ಕಾಲಿಟ್ಟೆ. ನೇರ ಮೇಲಿಂದ ನೋಡಿದರೂ 4 ಅಡಿ ನೀರು 3 ಅಡಿಯಾಗಿ ಕಾಣುತ್ತದೆ. ದಡದಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಶಾಲೆಯಲ್ಲಿ ಇದಕ್ಕೆ ಚಿತ್ರ ಬರೆದು ಅಂಕವನ್ನೂ ತಗೊಂಡಿದ್ದೆ. ಆ ಚಿತ್ರ ನೆನಪಾಗುವ ಹೊತ್ತಿಗೆ ನೀರು ಸೊಂಟದವರೆಗೆ ಬಂದಿತ್ತು. ಪಾಚಿ ಕಲ್ಲಿನ ಮೇಲೆ ಒಂದು ಕಾಲು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ದಡದಿಂದ ಗೆಳೆಯ ಕೂಗಿದ. 'ಕಾಲು ಎತ್ತಬೇಡ, ಉಜ್ಜಿಕೊಂಡು ಅಡ್ಡಡ್ಡ ಬಾ!' ಏಡಿಯ ಹಾಗೆ ಬಂದೆ. ಟೋಪಿ ಬರಲಿಲ್ಲ.

ಅವನ ಗಾಳ ಮಾತ್ರ ಸಿಕ್ಕಿಕೊಂಡದ್ದನ್ನು ನಾನು ನೋಡಿಲ್ಲ. ಗುಟ್ಟು ಕೇಳಿದರೆ ಸೀಸದ ಗುಂಡು ತೋರಿಸಿದ. ಗಾಳದ ದಾರಕ್ಕೆ ಅದನ್ನು ನೇರವಾಗಿ ಕಟ್ಟದೆ, ಬೇಗ ತುಂಡಾಗುವ ತೆಳ್ಳಗಿನ ಕೆಂಪು ನೂಲಿನಲ್ಲಿ ಇಳಿಬಿಟ್ಟಿದ್ದ. ಕಲ್ಲಿನ ಸಂದಿಗೆ ಹೋದರೆ ನೂಲು ಹರಿದು ಗುಂಡು ಮಾತ್ರ ಹೋಗುತ್ತದೆ, ಗಾಳ ಕೈಗೆ ಬರುತ್ತದೆ. 'ಆದರೆ ನನಗೆ ಅದರ ಅಗತ್ಯ ಬಿದ್ದಿಲ್ಲ. ಸುಮ್ನೆ ಇರಲಿ ಅಂತ ಕಟ್ಟಿದ್ದೀನಿ,' ಅಂದ. ನಾನು ನಂಬಿದೆ. ಗುರುವಲ್ವಾ.

ಆಮೇಲೆ ಹೊಳೆ ಇಳಿಯಿತು. ನಮ್ಮ ಬಂಡೆ ಬೆನ್ನು ತೋರಿಸಿಕೊಂಡು ಹೊರಗೆ ಬಂತು. ಇಷ್ಟು ಕಾಟ ಕೊಟ್ಟದ್ದು ಎಮ್ಮೆಯಷ್ಟೂ ಇರಲಿಲ್ಲ. ಇಬ್ಬರೂ ಹತ್ತಿರ ಹೋಗಿ ನೋಡಿದೆವು. ಕೆಳಗಡೆಯ ಒಂದೇ ಬಿರುಕಿನಲ್ಲಿ ನನ್ನ ಏಳೂ ಗಾಳ ತುಕ್ಕು ಹಿಡಿದು ಸಾಲಾಗಿ ನೇತಾಡುತ್ತಿದ್ದವು. ಬೆರಳು ಮಾಡಿ ಎಣಿಸಿ ಗೆಳೆಯ ಹೊಟ್ಟೆ ಹಿಡಿದು ನಕ್ಕ.

ನಾನು ಬಗ್ಗಿ ಬಿರುಕಿನ ಆಳಕ್ಕೆ ಕೈ ಹಾಕಿದೆ. ಸೀಸದ ಗುಂಡುಗಳು ಸಿಕ್ಕವು. ಒಂದೊಂದಾಗಿ ತೆಗೆದು ಬಂಡೆಯ ಮೇಲೆ ಇಟ್ಟೆ. ಹನ್ನೊಂದಿದ್ದವು. ಹನ್ನೊಂದಕ್ಕೂ ಒಂದೊಂದು ತುಂಡು ಕೆಂಪು ನೂಲು.

'ಬಿಸಿಲು ಜಾಸ್ತಿ ಆಯ್ತು, ಹೋಗೋಣ,' ಅಂದ ಗೆಳೆಯ.