ಆರುನೂರು ಕುದುರೆಗೆ ಅರ್ಧ ಸವಾರ

ಕುದುರೆಶಕ್ತಿಗೂ ತಿಂಗಳ ಬಾಡಿಗೆ ಬಂದಿದೆ. ಸುದ್ದಿ ನೀವೂ ಓದಿದ್ದೀರಿ, ನಕ್ಕಿದ್ದೀರಿ, ಮರೆತಿದ್ದೀರಿ. 2022ರಲ್ಲಿ ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬೆಚ್ಚಗಾಗಲು ಚಂದಾ ಕೇಳಿತು. ಜನ ಉಗಿದ ಮೇಲೆ ಮರುವರ್ಷ ಕೈಬಿಟ್ಟಿತು. ಅಷ್ಟರಲ್ಲಿ ಮರ್ಸಿಡಿಸ್ ಅಮೆರಿಕದಲ್ಲಿ, ನಿಮ್ಮ ವಿದ್ಯುತ್ ಕಾರು ಇನ್ನಷ್ಟು ಜೋರಾಗಿ ಮುನ್ನುಗ್ಗಬೇಕಿದ್ದರೆ ವರ್ಷಕ್ಕೆ 1,200 ಡಾಲರ್ ಎಂದಿತು. 2025ರಲ್ಲಿ ಫೋಕ್ಸ್‌ವ್ಯಾಗನ್ ಬ್ರಿಟನ್ನಿನಲ್ಲಿ ಐಡಿ.3 ಕಾರಿನ ಒಂದಿಷ್ಟು ಕುದುರೆಗಳನ್ನು ಲಾಯದಲ್ಲೇ ಕಟ್ಟಿಹಾಕಿ, ಬಿಚ್ಚಬೇಕಿದ್ದರೆ ತಿಂಗಳಿಗೆ 16.50 ಪೌಂಡ್ ಎಂದಿತು. ಮೋಟರು ಅದೇ, ಬ್ಯಾಟರಿ ಅದೇ. ಲಾಯ ನಿಮ್ಮದು, ಹುಲ್ಲು ನಿಮ್ಮದು, ಲದ್ದಿ ಬಳಿಯುವ ಭಾಗ್ಯವೂ ನಿಮ್ಮದೇ. ಹಗ್ಗದ ಗಂಟು ಮಾತ್ರ ಮಾರಿದವರ ಕೈಯಲ್ಲಿ.

ಇದಕ್ಕೆಲ್ಲ ಪೇಟೆಯಲ್ಲಿ ಒಂದು ಸಿಹಿ ಹೆಸರಿದೆ: ಬಾಂಧವ್ಯ. ಜೋರು ಕಾರು ಕೊಂಡ ದಿನವೇ ಒಲಿಯುವುದಿಲ್ಲ, ತಿಂಗಳುಗಟ್ಟಲೆ ಜತೆಗಿದ್ದು ಅದರ ಮನಸ್ಸು ಅರಿಯಬೇಕು ಎನ್ನುತ್ತಾರೆ ವಿಮರ್ಶಕರು. ತಮಾಷೆಯೆಂದರೆ ಈ ಧಂದೆಯಲ್ಲಿ ಆಡುವ ನೂರು ಮಾತುಗಳಲ್ಲಿ ನಿಜವಾದದ್ದು ಇದೊಂದೇ, ಮತ್ತು ಯಾರೂ ನಂಬದಿರುವುದೂ ಇದೊಂದನ್ನೇ.

ಯಾಕೆಂದರೆ ಈ ಬಾಂಧವ್ಯಕ್ಕೆ ಲೆಕ್ಕವಿದೆ, ಮತ್ತು ಆ ಲೆಕ್ಕ ಬರೆದಿರುವುದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರು ಕೂಡ ಹರಿಯದೆ ಮಲಗಿರುವ ಕೈಪಿಡಿಯಲ್ಲಿ. ಬಿಎಂಡಬ್ಲ್ಯುವಿನ ಜೋರು ಕಾರುಗಳಾದ ಎಂ ಸಾಲಿಗೆ ಮೊದಲ 2,000 ಕಿಲೋಮೀಟರ್ ತನಕ 5,500 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತುವ ಲೆಕ್ಕ) ದಾಟಬೇಡ, ಗಂಟೆಗೆ 170 ಕಿ.ಮೀ. ಮೀರಬೇಡ, ಆಮೇಲೆ ತಂದು ಆಯಿಲ್ ಬದಲಿಸು ಎಂದಿದೆ. ಅಮೆರಿಕದ ಕಾರ್ವೆಟ್ ಸಿ8 ಕಾರಿಗೆ ಮಾಲೀಕನ ಮೇಲೆ ಅಷ್ಟೂ ವಿಶ್ವಾಸವಿಲ್ಲ. ಮೊದಲ 500 ಮೈಲಿ ತಾನೇ ಕೆಳಗಿನ ಗೇರುಗಳಲ್ಲಿ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ತಗ್ಗಿಸಿಕೊಂಡು ಓಡುತ್ತದೆ. ಓದದವನಿಗೆ ಓದಿ ಹೇಳುವುದಕ್ಕಿಂತ ಕೈ ಕಟ್ಟಿಹಾಕುವುದೇ ವಾಸಿ ಎಂದು ಅದನ್ನು ಮಾಡಿದವರಿಗೆ ಗೊತ್ತಿತ್ತು.

ಇನ್ನು ಕೆಲವರದು ಅತಿ ಭಕ್ತಿ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಹಾಗೆ, 2,000 ಕಿಲೋಮೀಟರನ್ನೂ ಕ್ರೂಸ್ ಕಂಟ್ರೋಲ್ ಹಾಕಿ ಒಂದೇ ವೇಗದಲ್ಲಿ, ಕಾಲಿನ ಕೆಳಗೆ ಮೊಟ್ಟೆ ಇಟ್ಟುಕೊಂಡವರಂತೆ ಮುಗಿಸಿ ರನ್ನಿಂಗ್ ಇನ್ (ಹೊಸ ಇಂಜಿನನ್ನು ಪಳಗಿಸುವ ಓಟ) ಆಯಿತು ಎನ್ನುತ್ತಾರೆ. ಆಗಿರುವುದಿಲ್ಲ. ಹೊಸ ಸಿಲಿಂಡರಿನ ಒಳಗೋಡೆಯಲ್ಲಿ ಅಡ್ಡಾದಿಡ್ಡಿ ಗೀರುಗಳಿರುತ್ತವೆ, ಬೇಕೆಂದೇ ಕೊರೆದಿದ್ದು. ಪಿಸ್ಟನ್ ರಿಂಗುಗಳು ಆ ಗೀರಿನ ತುದಿಗಳನ್ನು ಸವೆಸಿಕೊಂಡು ಗೋಡೆಗೆ ಒಗ್ಗಬೇಕು. ರಿಂಗನ್ನು ಗೋಡೆಗೆ ಒತ್ತುವುದು ಮುಖ್ಯವಾಗಿ ಉರಿದ ಅನಿಲದ ಒತ್ತಡ. ಆಕ್ಸಲರೇಟರನ್ನೇ ಒತ್ತದಿದ್ದರೆ ಆ ಒತ್ತಡ ಎಲ್ಲಿಂದ ಬರಬೇಕು? ಗೋಡೆ ನುಣ್ಣಗೆ ಮಿರುಗುತ್ತದೆ, ರಿಂಗು ಕೂರುವುದಿಲ್ಲ, ಇಂಜಿನ್ ಮುಂದೆ ಆಯಿಲ್ ಕುಡಿಯುತ್ತಲೇ ಇರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಮಧ್ಯಮ ಗೇರಿನಲ್ಲಿ ಅರ್ಧದಿಂದ ಮುಕ್ಕಾಲು ಪೆಡಲ್ ಒತ್ತಿ ವೇಗ ಏರಿಸಬೇಕು, ಕಾಲು ತೆಗೆದು ಅದು ತಾನಾಗಿ ಇಳಿಯಲು ಬಿಡಬೇಕು, ಮತ್ತೆ ಏರಿಸಬೇಕು. ಒಂದೇ ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ನಿಲ್ಲಬಾರದು. ಟಾಪ್ ಗೇರಿನಲ್ಲಿ 1,200 ಆರ್‌ಪಿಎಂಗೆ ಇಳಿಸಿ ಪೂರ್ತಿ ತುಳಿಯುವುದಂತೂ ಕೂಡದು, ಬೇರಿಂಗುಗಳು ನರಳುತ್ತವೆ. ಮೊದಲ ಆಯಿಲ್ ಹೊರಬಂದಾಗ ಅದರಲ್ಲಿ ಲೋಹದ ಸಣ್ಣ ಮಿನುಗು ಕಾಣುತ್ತದೆ, ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಆಯಿಲಿನಲ್ಲಿ ಇನ್ನೂ ಹೆಚ್ಚು. ಗಾಬರಿ ಬೇಡ, ಭಾಗಗಳು ಒಂದಕ್ಕೊಂದು ಒಗ್ಗಿದ ಗುರುತು ಅದು. ಬಾಂಧವ್ಯವೆಂದರೆ ಅಕ್ಷರಶಃ ಆ ಮಿನುಗು. ಜಾಹೀರಾತಿನಲ್ಲಿ ಅದನ್ನು ತೋರಿಸುವುದಿಲ್ಲ.

ದಿನದಿನದ ಸಂಸಾರ ಇದಕ್ಕಿಂತ ಸರಳ, ಆದ್ದರಿಂದ ಇದಕ್ಕಿಂತ ಹೆಚ್ಚು ಕೆಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆದ ಐದಾರು ನಿಮಿಷಕ್ಕೆ ಇಂಜಿನ್ ತಣಿಸುವ ನೀರಿನ (ಕೂಲಂಟ್) ಮುಳ್ಳು 90 ಡಿಗ್ರಿಗೆ ಬಂದು ಕೂರುತ್ತದೆ, ಸವಾರನೂ ಸಿದ್ಧನಾಗುತ್ತಾನೆ. ಇಂಜಿನ್ ಆಯಿಲ್ ಮಾತ್ರ ಇನ್ನೂ ತಣ್ಣಗಿರುತ್ತದೆ, ಅದು ಹದಕ್ಕೆ ಬರಲು ಹತ್ತು ಹದಿನೈದು ಕಿಲೋಮೀಟರ್ ಓಡಿಸಬೇಕು. ಗೇರ್‌ಬಾಕ್ಸಿನದು ಅದಕ್ಕೂ ನಿಧಾನ. ಬಿಎಂಡಬ್ಲ್ಯುವಿನದೇ ಹಳೆಯ ಎಂ3 (ಇ46 ತಲೆಮಾರು) ಕಾರಿನ ಆರ್‌ಪಿಎಂ ಮೀಟರಿನ ಅಂಚಿನಲ್ಲಿ ಸಾಲು ದೀಪಗಳಿದ್ದವು. ಆಯಿಲ್ ಬಿಸಿಯಾದಂತೆ ಒಂದೊಂದೇ ಆರಿ, ಈಗ ಇಷ್ಟು ಏರಿಸಬಹುದು ಎಂದು ಅಪ್ಪಣೆ ಕೊಡುತ್ತಿದ್ದವು. ಆ ಮರ್ಯಾದೆಯ ಕಾಲ ಹೋಯಿತು. ಈಗ ರಾತ್ರಿಯೆಲ್ಲ ನಿಂತ ಕಾರಿನ ಗುಂಡಿ ಒತ್ತಿ, ಮೂರನೇ ಸೆಕೆಂಡಿಗೆ ಫೋನು ಹಿಡಿದು, ರೆಡ್‌ಲೈನಿಗೆ, ಅಂದರೆ ಇಂಜಿನ್ ಸುತ್ತಿನ ಕೊನೆಯ ಮಿತಿಗೆ, ತುಳಿದು ತೋರಿಸುವುದೇ ಪ್ರೀತಿ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಬೇರಿಂಗಿಗೆ ಇನ್ನೂ ಸರಿಯಾಗಿ ಆಯಿಲ್ ತಲುಪಿರುವುದಿಲ್ಲ. ಅಕ್ಕಪಕ್ಕದವರ ನಿದ್ದೆಗಂತೂ ತಲುಪಿರುತ್ತದೆ.

ಹೊಸ ಟಯರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಜಾರುಪದಾರ್ಥದ ಪಸೆ ಉಳಿದಿರುತ್ತದೆ, ಅದು ಸವೆಯಲು ಇನ್ನೂರು ಮುನ್ನೂರು ಕಿಲೋಮೀಟರ್ ಬೇಕು. ಅಲ್ಲಿಯತನಕ ಒದ್ದೆ ರಸ್ತೆಯಲ್ಲಿ ಹಿಡಿತವನ್ನು ನಂಬುವಂತಿಲ್ಲ. ಬ್ರೇಕ್ ಪ್ಯಾಡಿಗೂ ಡಿಸ್ಕಿಗೂ ಪರಿಚಯವಾಗಬೇಕು: ಖಾಲಿ ರಸ್ತೆಯಲ್ಲಿ 100ರಿಂದ 20ಕ್ಕೆ ದೃಢವಾಗಿ ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಬೇಕು. ಕಾದ ಡಿಸ್ಕನ್ನು ಪೆಡಲ್ ಒತ್ತಿಕೊಂಡೇ ನಿಲ್ಲಿಸಿದರೆ ಪ್ಯಾಡಿನ ಪದಾರ್ಥ ಒಂದೇ ಕಡೆ ಅಂಟುತ್ತದೆ, ಮುಂದೆ ಸ್ಟಿಯರಿಂಗ್ ನಡುಗುತ್ತದೆ, ಮಾಲೀಕ ‘ಡಿಸ್ಕ್ ಸೊಟ್ಟಗಾಗಿದೆ’ ಎಂದು ಜಗಳಕ್ಕೆ ಹೋಗುತ್ತಾನೆ. ಟಯರಿನ ಗಾಳಿ ತಣ್ಣಗಿದ್ದಾಗಲೇ ಅಳೆಯಬೇಕು, ಹತ್ತು ಡಿಗ್ರಿ ಉಷ್ಣತೆಗೆ ಹೆಚ್ಚುಕಡಿಮೆ 0.1 ಬಾರ್ ಏರುಪೇರಾಗುತ್ತದೆ. ಇಷ್ಟು ಮಾಡುವವರು ಕಡಿಮೆ. ವಾಲ್ವಿನ ಮುಚ್ಚಳಕ್ಕೆ ಕಂಪನಿಯ ಲಾಂಛನವಿರುವ ಟೋಪಿ ತರಿಸಿಕೊಳ್ಳುವವರು ಬಹಳ.

ಆಮೇಲೆ ಗುಂಡಿಗಳು. ಇಂಜಿನ್‌ಗೆ ಮೂರು ಹದ, ಗೇರಿಗೆ ಮೂರು, ಕುಲುಕಾಟ ತಡೆಯುವ ಡ್ಯಾಂಪರಿಗೆ ಮೂರು, ಸ್ಟಿಯರಿಂಗಿಗೆ ಮೂರು, ಬ್ರೇಕಿಗೆ ಎರಡು ಎಂದಿಟ್ಟುಕೊಳ್ಳಿ, ಗುಣಿಸಿದರೆ 162. ಈಗಿನ ಎಂ3ಯಲ್ಲಿ ಚಕ್ರ ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲಿಗೇ ಹತ್ತು ಮೆಟ್ಟಿಲು. ಒಂದೇ ಒಂದು ಕಾರಿನ ಮನಸ್ಸು ಅರಿಯಲು ಹೊರಟವನಿಗೆ ಸಾವಿರಕ್ಕೂ ಹೆಚ್ಚು ಮನಸ್ಸಿನ ಕಾರು ಕೊಟ್ಟು, ಯಾವುದು ನೀನು ಎಂದು ಅದನ್ನೇ ಕೇಳು ಎಂದಂತಾಯಿತು. ಬಹುಪಾಲು ಜನ ಡ್ಯಾಂಪರನ್ನು ಅತಿ ಗಟ್ಟಿಗೆ ಇಡುತ್ತಾರೆ, ಸೊಂಟ ಹಿಡಿದರೆ ಅದು ರೇಸಿನ ಲಕ್ಷಣ ಎಂದು. ಉಬ್ಬುತಗ್ಗಿನ ರಸ್ತೆಯಲ್ಲಿ ಗಟ್ಟಿ ಡ್ಯಾಂಪರ್ ಚಕ್ರವನ್ನು ನೆಲದಿಂದ ಪುಟಿಸುತ್ತದೆ. ಪುಟಿದ ಚಕ್ರಕ್ಕೆ ಹಿಡಿತವೆಲ್ಲಿ? ಅಲ್ಲಿ ಮೆತ್ತಗಿನ ಹದದಲ್ಲೇ ಕಾರು ವೇಗವಾಗಿ ಹೋಗುವುದು. ಇವೆಲ್ಲಕ್ಕಿಂತ ಮೊದಲು ಕೂರುವುದನ್ನು ಕಲಿಯಬೇಕಿತ್ತು: ಬೆನ್ನು ಸೀಟಿಗೆ ಅಂಟಿರುವಾಗಲೇ ಚಾಚಿದ ಕೈಯ ಮಣಿಕಟ್ಟು ಸ್ಟಿಯರಿಂಗಿನ ನೆತ್ತಿಗೆ ಸಿಗಬೇಕು, ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಗ್ಗಿರಬೇಕು. ಆದರೆ ಒರಗಿ, ಒಂದು ಕೈಯಲ್ಲಿ, ಮಲಗಿದಂತೆ ಓಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ.

ಬುಗಾಟಿ ವೇರಾನ್ ನೆನಪಾಗುತ್ತದೆ. 2005ರ ಕಾರು, 16 ಸಿಲಿಂಡರ್, 1,001 ಕುದುರೆ, ಹತ್ತು ರೇಡಿಯೇಟರ್. ಅದರ ತುತ್ತತುದಿಯ 407 ಕಿ.ಮೀ. ವೇಗಕ್ಕೆ ಬೇರೆಯೇ ಒಂದು ಕೀಲಿ. ಕಾರು ನಿಲ್ಲಿಸಿ, ಸೀಟಿನ ಪಕ್ಕದ ತೂತಿಗೆ ಆ ಎರಡನೇ ಕೀಲಿ ಹಾಕಿ ತಿರುಗಿಸಿದರೆ, ಎಲ್ಲವೂ ಸರಿಯಿದೆಯೇ ಎಂದು ಅದು ತಾನೇ ಪರೀಕ್ಷಿಸಿಕೊಂಡು, ಮೈ ತಗ್ಗಿಸಿ, ಆಮೇಲೆ ಒಪ್ಪುತ್ತಿತ್ತು. ಆ ವೇಗದಲ್ಲಿ 100 ಲೀಟರ್ ಪೆಟ್ರೋಲು ಹನ್ನೆರಡು ನಿಮಿಷಕ್ಕೆ ಖಾಲಿ, ಟಯರಿನ ಆಯುಸ್ಸು ಹದಿನೈದು ನಿಮಿಷ. ಹುಚ್ಚೇ ಸರಿ, ಆದರೆ ಮರ್ಯಾದಸ್ಥ ಹುಚ್ಚು. ಕೀಲಿ ತಿರುಗಿಸುವ ಮುನ್ನ ಒಂದು ಗಳಿಗೆ ಯೋಚಿಸಲು ಪುರುಸೊತ್ತು ಕೊಡುತ್ತಿತ್ತು, ಕೀಲಿಗೆ ತಿಂಗಳ ಬಾಡಿಗೆಯನ್ನೂ ಕೇಳುತ್ತಿರಲಿಲ್ಲ.

ಸದ್ದಿನ ವಿಷಯ ಬಿಟ್ಟರೆ ತಪ್ಪಾದೀತು. ಲೆಕ್ಸಸ್ ಎಲ್‌ಎಫ್‌ಎ ಎಂಬ ಕಾರಿನ ಹತ್ತು ಸಿಲಿಂಡರಿನ ವಿ10 ಇಂಜಿನ್ ಸುಮ್ಮನೆ ಗುರುಗುಡುವ (ಐಡಲ್) ಹಂತದಿಂದ 9,000 ಆರ್‌ಪಿಎಂಗೆ 0.6 ಸೆಕೆಂಡಿನಲ್ಲಿ ಏರುತ್ತಿತ್ತು. ಮೀಟರಿನ ಮುಳ್ಳು ಹಿಂದೆ ಬೀಳುತ್ತದೆಂದು ಮುಳ್ಳನ್ನೇ ತೆಗೆದು ಪರದೆ ಹಾಕಿದರು. ಅದರ ಕೊರಳನ್ನು ಶ್ರುತಿ ಮಾಡಿದ್ದು ಯಮಹಾ. 500 ಕಾರು ಮಾಡಿ ನಿಲ್ಲಿಸಿದರು. ಅದೇ ಹೊತ್ತಿಗೆ, 2011ರಲ್ಲಿ, ಬಿಎಂಡಬ್ಲ್ಯುವಿನ ಹೊಸ ಎಂ5 ಬಂತು. ಅದರ ಇಂಜಿನ್ ಸದ್ದಿಗೆ ಒಳಗಿನ ಸ್ಪೀಕರುಗಳು ದನಿಗೂಡಿಸುತ್ತಿದ್ದವು. ಟರ್ಬೊ ನಿಷ್ಕಾಸದ, ಅಂದರೆ ಹೊಗೆಕೊಳವೆಯ, ಸದ್ದನ್ನು ನುಂಗುತ್ತದೆ, ಕ್ಯಾಬಿನ್ ಹೊರಗಿನ ಸದ್ದನ್ನು ತಡೆಯುತ್ತದೆ, ಆದ್ದರಿಂದ ಧ್ವನಿಮುದ್ರಿತ ಪ್ರೇಮ. ಈಗ ಹ್ಯುಂಡೈಯ ವಿದ್ಯುತ್ ಕಾರು ಅಯಾನಿಕ್ 5 ಎನ್ ನೋಡಿ. ಇಂಜಿನ್ ಇಲ್ಲ, ಗೇರುಗಳೂ ಇಲ್ಲ. ಆದರೂ ಎಂಟು ಗೇರು ನಟಿಸುತ್ತದೆ. ನೀವು ಗೇರು ಬದಲಿಸುವ ಪ್ಯಾಡಲ್ ಎಳೆಯಲು ಮರೆತರೆ ಇಲ್ಲದ ಇಂಜಿನ್ ಇಲ್ಲದ ರೆಡ್‌ಲೈನಿಗೆ ಡಿಕ್ಕಿ ಹೊಡೆದು ತಡವರಿಸುತ್ತದೆ. ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ, ಆದರೆ ಓಡಿಸಿದವರೆಲ್ಲ ಖುಷಿಯಾಯಿತು ಎನ್ನುತ್ತಾರೆ. ಹಾಗಾಗಿ ನಗುವನ್ನು ಅರ್ಧಕ್ಕೆ ನಿಲ್ಲಿಸುತ್ತೇನೆ. ಡಾಡ್ಜ್ ಕಂಪನಿ ಚಾರ್ಜರ್ ಎಂಬ ತನ್ನ ವಿದ್ಯುತ್ ಕಾರಿಗೆ 126 ಡೆಸಿಬೆಲ್‌ನ ‘ನಿಷ್ಕಾಸ’ ಜೋಡಿಸಿದೆ. ಹೊಗೆಯೇ ಇಲ್ಲದ ಕಾರಿನಿಂದ ಕೆಮ್ಮು.

ಇಷ್ಟರವರೆಗೆ ನಕ್ಕಾಯಿತು. ಮುಂದಿನದಕ್ಕೆ ನಗು ಬರುವುದಿಲ್ಲ.

ಕಾರು ಬಂದು ವಾರವಾಗಿರುತ್ತದೆ. ಎಲ್ಲಿಯೋ ಕಾರುಪ್ರಿಯರು ಸೇರಿರುತ್ತಾರೆ, ರಸ್ತೆಯ ಎರಡೂ ಬದಿ ಹುಡುಗರು ಫೋನು ಹಿಡಿದು ನಿಂತಿರುತ್ತಾರೆ. ಆರುನೂರು ಕುದುರೆ, ಹಿಂದಿನ ಎರಡೇ ಚಕ್ರಕ್ಕೆ. ಟಯರ್ ತಣ್ಣಗಿದೆ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್, ಏಕೆಂದರೆ ಗಂಡಸರು ಅದನ್ನು ಆನ್ ಇಡುವುದಿಲ್ಲವಂತೆ. ಮಾಲೀಕ ಎರಡನೇ ಗೇರಿನಲ್ಲಿ ಪೂರ್ತಿ ತುಳಿಯುತ್ತಾನೆ. ಹಿಂದಿನ ಟಯರ್ ಸುತ್ತುತ್ತದೆ, ಹಿಂಭಾಗ ಒಂದು ಪಕ್ಕಕ್ಕೆ ಹೊರಳುತ್ತದೆ. ಇಲ್ಲಿಯತನಕ ಬಚಾವಾಗಬಹುದು. ಅವನು ಬೆದರಿ ಸ್ಟಿಯರಿಂಗನ್ನು ಜಾರಿದ ಕಡೆಗೆ ತಿರುಗಿಸಿ, ಅದೇ ಕ್ಷಣ ಕಾಲನ್ನು ಸರಕ್ಕನೆ ಎತ್ತುತ್ತಾನೆ. ಭಾರ ಮುಂದಕ್ಕೆ ಬೀಳುತ್ತದೆ. ಸುತ್ತುತ್ತಿದ್ದ ಹಿಂದಿನ ಟಯರ್ ಇದ್ದಕ್ಕಿದ್ದಂತೆ ನೆಲ ಕಚ್ಚುತ್ತದೆ. ಮುಂದಿನ ಚಕ್ರಗಳು ಮಾತ್ರ ಇನ್ನೂ ಪಕ್ಕಕ್ಕೇ ತಿರುಗಿವೆ. ಕಾರು ಅವು ತೋರಿಸಿದ ಕಡೆಗೆ ಬಿಲ್ಲಿನಿಂದ ಬಿಟ್ಟಂತೆ ಹಾರುತ್ತದೆ. ಅಲ್ಲಿ ಜನ ನಿಂತಿದ್ದಾರೆ.

ಈ ವಿಡಿಯೊ ನೀವು ಎಷ್ಟು ಸಲ ನೋಡಿದ್ದೀರಿ? ದೇಶ ಬೇರೆ, ಬಣ್ಣ ಬೇರೆ, ಕಾರು ಬೇರೆ, ಆ ಎರಡು ಸೆಕೆಂಡು ಅದೇ. ಸ್ಟಿಯರಿಂಗ್ ತಿರುಗಿಸಿದ್ದರಷ್ಟೇ ಸಾಲದು, ಕಾಲನ್ನು ನಿಧಾನವಾಗಿ ಸಡಿಲಿಸಬೇಕು, ಕಾರು ನೆಟ್ಟಗಾಗುತ್ತಿದ್ದಂತೆ ಸ್ಟಿಯರಿಂಗನ್ನೂ ಅಷ್ಟೇ ಬೇಗ ಹಿಂದಕ್ಕೆ ಬಿಡಬೇಕು. ಇದನ್ನು ಕಲಿಯಲು ಒದ್ದೆ ಮಾಡಿದ ಖಾಲಿ ಮೈದಾನವಿದೆ, ಕಲಿಸುವವರಿದ್ದಾರೆ, ಗಂಟೆಗೆ 40 ಕಿಲೋಮೀಟರ್ ವೇಗ ಸಾಕು. ಒಂದು ದಿನದ ಕೆಲಸ. ಚರ್ಮದ ಸೀಟಿನ ಹೊಲಿಗೆಯ ದಾರ ಯಾವ ಬಣ್ಣದ್ದಿರಬೇಕೆಂದು ಆರು ವಾರ ಯೋಚಿಸಿದವನಿಗೆ ಒಂದು ದಿನ ಸಿಗುವುದಿಲ್ಲ. ಆಮೇಲೆ ‘ಕಾರು ಕೈ ತಪ್ಪಿತು’ ಎನ್ನುತ್ತಾರೆ, ಅದು ಯಾವತ್ತೋ ಕೈಯಲ್ಲಿತ್ತು ಎಂಬಂತೆ. ಸಾಕಾಗಿದೆ. ಫುಟ್‌ಪಾತಿನಲ್ಲಿ ನಿಂತವರು ಯಾವ ಬಾಂಧವ್ಯಕ್ಕೂ ಸಹಿ ಹಾಕಿರಲಿಲ್ಲ.

ಇನ್ನೊಂದು ತುದಿಯಲ್ಲಿ ಕಾರನ್ನು ಮುಟ್ಟದೆಯೇ ಪ್ರೀತಿಸುವ ಸಂತರಿದ್ದಾರೆ. ಸೀಟಿನ ಪ್ಲಾಸ್ಟಿಕ್ ತೆಗೆಯುವುದಿಲ್ಲ, ವರ್ಷಕ್ಕೆ ಐವತ್ತು ಕಿಲೋಮೀಟರ್ ದಾಟುವುದಿಲ್ಲ, ಬೆಲೆ ಏರಲೆಂದು ಕಾಯುತ್ತಾರೆ. ಕಾರು ಒಳಗೊಳಗೇ ಮುದಿಯಾಗುತ್ತದೆ. ಅಲಾರಮ್ಮು, ಕಂಪ್ಯೂಟರುಗಳು ಚೂರುಚೂರೇ ಬ್ಯಾಟರಿ ಹೀರಿ ಕೆಲವು ವಾರಗಳಲ್ಲಿ ಖಾಲಿ ಮಾಡುತ್ತವೆ, ಚಾರ್ಜರ್ ಸಿಕ್ಕಿಸಿಡದಿದ್ದರೆ ಬಾಗಿಲು ತೆರೆಯುವುದೂ ಹರಸಾಹಸ. ಟಯರ್ ನಿಂತಲ್ಲೇ ಚಪ್ಪಟೆಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ: ಡಾಟ್ 4 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿತನಕ ಕುದಿಯಬಾರದು ಎಂಬುದು ನಿಯಮ, ನೀರು ಸೇರಿದ್ದಕ್ಕೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಓಡಿಸಲಿ, ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸದೆ, ಐದು ವರ್ಷದ ಮೇಲೆ ಒಂದು ಭಾನುವಾರ ಟ್ರ್ಯಾಕಿಗೆ ಕೊಂಡೊಯ್ದರೆ ನಾಲ್ಕನೇ ಸುತ್ತಿನಲ್ಲಿ ಆಯಿಲ್ ಕುದ್ದು ಗುಳ್ಳೆಯೇಳುತ್ತದೆ, ಪೆಡಲ್ ನೆಲಕ್ಕಿಳಿಯುತ್ತದೆ. ಹೊರಗಿನ ಮೆರುಗೆಣ್ಣೆ ಫಳಫಳ ಇರುತ್ತದೆ, ಆ ಮಾತು ಬೇರೆ.

ಇಷ್ಟೆಲ್ಲ ಆಗಿ, ಆರನೇ ತಿಂಗಳಿಗೆ ಎಲ್ಲರೂ ನೋಡಿರುವ ಆ ಜಾಹೀರಾತು ಬರುತ್ತದೆ. ‘ಒಬ್ಬರೇ ಮಾಲೀಕರು. 1,900 ಕಿ.ಮೀ. ಮಾತ್ರ. ಮಗುವಿನಂತೆ ನೋಡಿಕೊಳ್ಳಲಾಗಿದೆ. ಮಾರುವ ಕಾರಣ: ಇನ್ನೊಂದು ಬುಕ್ ಆಗಿದೆ.’ ರನ್ನಿಂಗ್ ಇನ್ ಮುಗಿಯಲು ಇನ್ನು 100 ಕಿಲೋಮೀಟರ್ ಬಾಕಿ.